ಹೊಲದ ಮಣ್ಣಿನ ಬ್ಯಾಕ್ಟೀರಿಯಗಳೂ ಅವುಗಳ ನಾಮನಿರ್ಣಯವೂ

ಚಾಮರಾಜನಗರದ ಕಡೆಯ ಎರೆಹೊಲವೊಂದರಿಂದ ಒಂದು ಚಿಟಿಕೆ ಮಣ್ಣನ್ನೂ, ಗುಂಡ್ಲುಪೇಟೆಯ ಕಡೆಯ ಕೆಂಪು ಹೊಲವೊಂದರಿಂದ ಮತ್ತೊಂದು ಚಿಟಿಕೆ ಮಣ್ಣನ್ನೂ ತಂದು ಒಂದೇ ಮೇಜಿನ ಮೇಲಿಟ್ಟರೆ ಕಣ್ಣಿಗೆ ತೋರುವ ಭೇದವು ಬಣ್ಣವೊಂದೇ. ಆದರೆ ಫಲವತ್ತಾದ ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ, ಕೆಲವೆಡೆ ನೂರು ಕೋಟಿಯವರೆಗೂ, ಬ್ಯಾಕ್ಟೀರಿಯಗಳು ವಾಸಮಾಡುವುವು. ಅವುಗಳಲ್ಲಿ ಶಾಸ್ತ್ರಸಮ್ಮತವಾದ ಹೆಸರನ್ನು ಪಡೆದಿರುವುವು ಅಲ್ಪಾಂಶ ಮಾತ್ರ. ಹೀಗಿರಲು, ಹೆಸರಿಲ್ಲದ ಬ್ಯಾಕ್ಟೀರಿಯವೊಂದು ಹೊಲದ ಮಣ್ಣಿನಲ್ಲಿ ಸಿಕ್ಕಿತೆಂಬುದು ಅಷ್ಟೇನೂ ಆಶ್ಚರ್ಯದ ಸಂಗತಿಯಲ್ಲ. ಅದು ಹಿಂದೆ ಯಾರಿಂದಲೂ ವರ್ಣಿತವಾಗದ ಹೊಸ ಪ್ರಭೇದವೆಂದು ಸಿದ್ಧಪಡಿಸುವುದು ಮಾತ್ರ ಬಹು ಪ್ರಯಾಸದ ಕಾರ್ಯ. ವೃತ್ತಪತ್ರಿಕೆಗಳ "ಕಂಡುಹಿಡಿದರು" ಎಂಬ ಮಾತು ಈ ಎರಡನ್ನೂ ಒಂದಾಗಿ ಬೆರೆಸಿಬಿಡುತ್ತದೆ. ಬ್ಯಾಕ್ಟೀರಿಯಶಾಸ್ತ್ರದಲ್ಲಿ ಹೊಸ ಪ್ರಭೇದವೆಂಬುದು ಸಿಕ್ಕ ವಸ್ತುವಲ್ಲ. ವಾದಿಸಿ, ಸಾಕ್ಷ್ಯಗಳನ್ನೊಡ್ಡಿ, ಇತರರು ಮರಳಿ ಪರೀಕ್ಷಿಸಲು ಅವಕಾಶವಿಟ್ಟು ಸ್ಥಾಪಿಸತಕ್ಕ ಸಿದ್ಧಾಂತ. ಆ ಸ್ಥಾಪನೆಯ ಕ್ರಮವೇನು, ಅದರಲ್ಲಿ ತಪ್ಪು ಎಲ್ಲಿ ನುಸುಳುತ್ತದೆ, ನುಸುಳಿದ ತಪ್ಪು ಹೇಗೆ ತಿದ್ದಲ್ಪಡುತ್ತದೆ ಎಂಬುದೇ ಪ್ರಕೃತ ವಿಷಯ.

ಮೊದಲು ನೆಲದ ಮಾತು. ಈ ಎರಡು ತಾಲ್ಲೂಕುಗಳೂ ೧೯೯೭ರವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದು, ಆ ವರ್ಷ ಹೊಸದಾಗಿ ಏರ್ಪಟ್ಟ ಚಾಮರಾಜನಗರ ಜಿಲ್ಲೆಯಲ್ಲಿ ಸೇರಿದುವು. ಪಡುವಣ ಬೆಟ್ಟಸಾಲುಗಳೂ ನೀಲಗಿರಿಯೂ ಮಳೆಯನ್ನು ತಡೆಯುವುದರಿಂದ ಇಲ್ಲಿ ಮುಂಗಾರು ಬಲವಾಗಿಲ್ಲ. ಮೇ ತಿಂಗಳಿನ ಮಳೆಗೂ ಸೆಪ್ಟೆಂಬರ್ ಅಕ್ಟೋಬರ್‌ಗಳ ಮಳೆಗೂ ರೈತನು ಹೆಚ್ಚಾಗಿ ಕಾಯುವನು. ನೆಲವು ಬಹುಮಟ್ಟಿಗೆ ಕೆಂಪು ಮಣ್ಣು. ತಗ್ಗಿನ ಬಯಲುಗಳಲ್ಲಿ ಸುಣ್ಣದ ಹರಳು ಬೆರೆತ ಎರೆಯೂ ಉಂಟು. ರಾಗಿ, ಜೋಳ, ಹುರುಳಿ, ಕಡಲೆಕಾಯಿ ಹಳೆಯ ಬೆಳೆಗಳು. ಅರಿಸಿನ, ಸಣ್ಣ ಈರುಳ್ಳಿ, ಸೂರ್ಯಕಾಂತಿ, ಚೆಂಡುಹೂ, ಬಾಳೆ, ಶುಂಠಿ ಇವು ಹಣ ತರುವ ಬೆಳೆಗಳು. ಬ್ಯಾಕ್ಟೀರಿಯಗಳನ್ನು ಹುಡುಕುವವನಿಗೆ ಈ ವಿವರಗಳು ಅಲಂಕಾರಕ್ಕಲ್ಲ. ಹುಳಿಯಾದ ಮಣ್ಣಿನ ಜೀವಿ ಬೇರೆ, ಸುಣ್ಣದ ಮಣ್ಣಿನ ಜೀವಿ ಬೇರೆ. ಅರಿಸಿನದ ಬೇರಿಗೆ ಅಂಟಿದ ಮಣ್ಣಿನಲ್ಲಿ ಇರುವುದು ಎರಡು ಗೇಣು ಆಚೆಯ ಬರಿಯ ಮಣ್ಣಿನಲ್ಲಿ ಇಲ್ಲದೆ ಹೋಗಬಹುದು. ಆದುದರಿಂದ ಮಣ್ಣನ್ನು ತೆಗೆದ ಸ್ಥಳ, ಆಳ, ಬೆಳೆ, ತಿಂಗಳು ಇವನ್ನು ಬರೆದಿಡದ ಶೋಧನೆಯು, ದೊರೆತ ಊರನ್ನು ಬರೆದಿಡದ ಶಾಸನದ ಪಡಿಯಚ್ಚಿನಂತೆ, ಅರ್ಧ ಬೆಲೆಯನ್ನು ಆಗಲೇ ಕಳೆದುಕೊಂಡಿರುತ್ತದೆ.

ಮಣ್ಣಿನಿಂದ ಬ್ಯಾಕ್ಟೀರಿಯವನ್ನು ಬೇರ್ಪಡಿಸುವ ಕ್ರಮವು ಸರಳವಾದದ್ದು. ಹತ್ತು ಗ್ರಾಂ ಮಣ್ಣನ್ನು ಕ್ರಿಮಿಶುದ್ಧವಾದ ತೊಂಬತ್ತು ಮಿಲಿಲೀಟರು ನೀರಿನಲ್ಲಿ ಕಲಕಿ, ಅದರ ಒಂದು ಪಾಲನ್ನು ಒಂಬತ್ತು ಪಾಲು ನೀರಿಗೆ, ಅದರಲ್ಲೊಂದು ಪಾಲನ್ನು ಮತ್ತೆ ಒಂಬತ್ತು ಪಾಲಿಗೆ, ಹೀಗೆ ಹತ್ತು ಲಕ್ಷದಲ್ಲಿ ಒಂದು ಪಾಲಾಗುವವರೆಗೆ ತೆಳುಮಾಡುವರು. ಕಡೆಯ ನೀರಿನ ಹನಿಯನ್ನು ಪೋಷಕ ದ್ರವ್ಯ ಬೆರೆಸಿದ ಅಗರ್ ಎಂಬ ಗಟ್ಟಿ ಅಂಬಲಿಯಂತಹ ಪದಾರ್ಥದ ಮೇಲೆ ಸವರಿ ಬೆಚ್ಚಗೆ ಇಟ್ಟರೆ, ಒಂದೆರಡು ದಿನಗಳಲ್ಲಿ ಬೊಟ್ಟುಬೊಟ್ಟಾಗಿ ಬೆಳೆ ಕಾಣುವುದು. ಈ ಬೊಟ್ಟಿಗೆ ಕಾಲೊನಿ ಎಂದು ಹೆಸರು. ಸಾಮಾನ್ಯವಾಗಿ ಒಂದೊಂದು ಕಾಲೊನಿಯೂ ಒಂದೇ ಜೀವಕೋಶದ ಸಂತಾನ, ಆದರೂ ನಂಬುವಂತಿಲ್ಲ. ಅದನ್ನು ತೆಗೆದು ಮತ್ತೆ ಮತ್ತೆ ಹೊಸ ಅಗರಿನ ಮೇಲೆ ಗೆರೆಯೆಳೆದು ಬೆಳೆಸಿ, ಪ್ರತಿಸಲವೂ ಒಂದೇ ರೂಪದ ಬೊಟ್ಟು ಬಂದರೆ ಮಾತ್ರ ಶುದ್ಧವಾದ ತಳಿ ದೊರಕಿತೆಂದು ಹೇಳಬಹುದು. ಅಶುದ್ಧವಾದ ತಳಿಯಿಂದ ಹೊರಟ ನಿರ್ಣಯವು ಎರಡು ಕವಿಗಳ ಪದ್ಯಗಳನ್ನು ಒಬ್ಬನವೆಂದು ಭ್ರಮಿಸಿ ಶೈಲಿಯನ್ನು ವಿಮರ್ಶಿಸಿದಂತೆ. ಮುಂದಿನ ಶ್ರಮವೆಲ್ಲ ವ್ಯರ್ಥ.

ಅಗರಿನ ಮೇಲೆ ಬೆಳೆಯದೆ ಇದ್ದದ್ದು ಮಣ್ಣಿನಲ್ಲಿ ಇಲ್ಲವೆಂದು ತಿಳಿಯಬಾರದು. ಸೂಕ್ಷ್ಮದರ್ಶಕದಲ್ಲಿ ಕಾಣುವ ಕೋಶಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಸಾಧಾರಣವಾದ ಅಗರಿನ ಮೇಲೆ ಬೆಳೆಯುವುವೆಂಬುದು ಮಣ್ಣಿನ ಶೋಧಕರ ಅನುಭವ. ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಬಹುಕಾಲ ಯಾರ ಕೈಗೂ ಸಿಕ್ಕದೆ ಇದ್ದುದಕ್ಕೆ ಕಾರಣ, ಎಲ್ಲರೂ ಅವಕ್ಕೆ ಸಾವಯವ ಆಹಾರವನ್ನೇ ಒಡ್ಡುತ್ತಿದ್ದುದು. ಅವಕ್ಕೆ ಅದು ಬೇಡವೆಂದು ತಿಳಿದು ೧೮೯೦ರ ಸುಮಾರಿನಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿದ್ವಾಂಸನು ಅವುಗಳನ್ನು ಬೇರ್ಪಡಿಸಿದನು. ಇದೇ ಕ್ರಿಯೆಯ ಮೇಲೆ ಜರ್ಮನಿಯ ಗಾಟಿಂಗೆನ್‌ನಲ್ಲಿ ಸಂಶೋಧನೆ ನಡೆಯಿಸಿ ೧೯೦೮ರಲ್ಲಿ ಲೇಖನ ಪ್ರಕಟಿಸಿದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದೇಶದವರು ಅದೇ ವರ್ಷ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಕನ್ನಡನಾಡಿನಲ್ಲಿ ಅವರ ಹೆಸರು ಅಡಕೆಯ ಕೊಳೆರೋಗದ ಚಿಕಿತ್ಸೆಯೊಡನೆ ಸೇರಿಕೊಂಡಿದೆ; ಅವರು ಮಣ್ಣಿನ ಬ್ಯಾಕ್ಟೀರಿಯಗಳಲ್ಲಿ ಪಳಗಿದ ಕೈಯವರೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ಶುದ್ಧವಾದ ತಳಿ ಕೈಗೆ ಬಂದ ಮೇಲೆ ಅದರ ಲಕ್ಷಣಗಳನ್ನು ಬರೆಯಬೇಕು. ಆಕಾರವು ಕಡ್ಡಿಯೋ ಗುಂಡೋ, ಚಲಿಸುವುದೋ ಇಲ್ಲವೋ, ೧೮೮೪ರಲ್ಲಿ ಗ್ರಾಮ್ ಎಂಬ ಡೆನ್ಮಾರ್ಕಿನ ವೈದ್ಯನು ಪ್ರಕಟಿಸಿದ ಬಣ್ಣವನ್ನು ಹಿಡಿದುಕೊಳ್ಳುವುದೋ ಬಿಡುವುದೋ, ಯಾವ ಶಾಖದಲ್ಲಿ, ಎಷ್ಟು ಹುಳಿಯಲ್ಲಿ, ಎಷ್ಟು ಉಪ್ಪಿನಲ್ಲಿ ಬೆಳೆಯುವುದು, ಯಾವ ಯಾವ ಸಕ್ಕರೆಗಳನ್ನು ತಿನ್ನುವುದು, ಕೋಶದ ಪೊರೆಯಲ್ಲಿ ಎಂತಹ ಕೊಬ್ಬುಗಳಿವೆ. ಪಟ್ಟಿ ಉದ್ದವಾದದ್ದು. ಬಹುಕಾಲ ಶಾಸ್ತ್ರಕ್ಕೆ ಇದೇ ಆಧಾರವಾಗಿತ್ತು. ಇದು ಅವಶ್ಯಕವಾದರೂ ಸಾಲದು ಎಂಬುದಕ್ಕೆ ನಮ್ಮ ದೇಶದ ಬತ್ತದ ಗದ್ದೆಯಿಂದಲೇ ಹೊರಟ ನಿದರ್ಶನವೊಂದುಂಟು; ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು.

ಗಾಳಿಯಲ್ಲಿನ ಸಾರಜನಕವನ್ನು ಯಾವ ಗಿಡದ ಆಶ್ರಯವೂ ಇಲ್ಲದೆ ತಾನೇ ಹಿಡಿದು ಆಹಾರ ಮಾಡಿಕೊಳ್ಳುವ, ಗಾಳಿಯನ್ನುಸಿರಾಡುವ ಬ್ಯಾಕ್ಟೀರಿಯವನ್ನು ೧೯೦೧ರಲ್ಲಿ ಹಾಲೆಂಡಿನ ಬೈಯೆರಿಂಕ್ ಎಂಬ ಮಹಾಶೋಧಕನು ವರ್ಣಿಸಿ ಅಜೋಟೊಬ್ಯಾಕ್ಟರ್ ಎಂಬ ಕುಲವನ್ನು ಸ್ಥಾಪಿಸಿದನು. ಅಂದಿನಿಂದ ಇಂತಹ ಸಾಮರ್ಥ್ಯವುಳ್ಳದ್ದು ಸಿಕ್ಕರೆ ಅದನ್ನು ಈ ಕುಲಕ್ಕೆ ಸೇರಿಸುವುದು ವಾಡಿಕೆಯಾಯಿತು. ೧೯೩೯ರಲ್ಲಿ ಅಮೆರಿಕದ ರಾಬರ್ಟ್ ಸ್ಟಾರ್ಕಿ ಮತ್ತು ಬಂಗಾಳದ ಪಿ. ಕೆ. ದೇ ಎಂಬಿಬ್ಬರು, ಬತ್ತ ಬೆಳೆಯುವ ಆಮ್ಲಗುಣದ ಮಣ್ಣಿನಿಂದ ಇಂತಹುದೊಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಅಜೋಟೊಬ್ಯಾಕ್ಟರ್ ಇಂಡಿಕಮ್ ಎಂಬ ಹೊಸ ಪ್ರಭೇದವಾಗಿ ಪ್ರಕಟಪಡಿಸಿದರು. ಅವರ ವರ್ಣನೆಯಲ್ಲಿ ತಪ್ಪಿಲ್ಲ. ವಿಚಿತ್ರಗಳನ್ನೂ ಅವರು ಗುರುತಿಸಿದ್ದರು. ಅಜೋಟೊಬ್ಯಾಕ್ಟರ್ ಹುಳಿಮಣ್ಣಿಗೆ ಹೆದರುವುದು, ಪಿಎಚ್ ಆರಕ್ಕಿಂತ ಕೆಳಗಿಳಿದರೆ ಅದರ ಬೆಳೆವಣಿಗೆ ಕುಗ್ಗುವುದು; ಇದಾದರೋ ಬಹಳ ಹುಳಿಯಲ್ಲಿಯೂ ನಿಶ್ಚಿಂತೆಯಾಗಿ ಬೆಳೆಯಿತು. ಅದರ ಕಾಲೊನಿಯು ಕಡ್ಡಿಯಿಂದ ಎತ್ತಿದರೆ ರಬ್ಬರಿನಂತೆ ಎಳೆದು ಬರುವ ಗಟ್ಟಿ ಲೋಳೆ. ಕೋಶದ ಎರಡು ತುದಿಗಳಲ್ಲಿಯೂ ಕೊಬ್ಬಿನ ಗುಂಡುಗಳು ಹೊಳೆಯುತ್ತಿದ್ದುವು. ಇಷ್ಟಾದರೂ ಸಾರಜನಕವನ್ನು ಹಿಡಿಯುವ ಒಂದು ಗುಣವೇ ಮೇಲಾಗಿ, ಹೊಸ ಜೀವಿಯು ಹಳೆಯ ಮನೆಗೇ ಸೇರಿತು. ಜಾವಾದ್ವೀಪದಲ್ಲಿ ಇಂತಹ ಬ್ಯಾಕ್ಟೀರಿಯಗಳನ್ನು ಅಭ್ಯಾಸಮಾಡಿದ ಡೆರ್ಕ್ಸ್ ಎಂಬ ಡಚ್ಚರ ವಿದ್ವಾಂಸನು ೧೯೫೦ರಲ್ಲಿ ಇದನ್ನು ಅಲ್ಲಿಂದ ಬಿಡಿಸಿ ಬೇರೆ ಕುಲವೊಂದನ್ನು ಕಲ್ಪಿಸಿ, ಬೈಯೆರಿಂಕನ ಗೌರವಾರ್ಥವಾಗಿ ಬೈಯೆರಿಂಕಿಯ ಎಂದು ಹೆಸರಿಟ್ಟನು. ಪ್ರಭೇದವು ಬೈಯೆರಿಂಕಿಯ ಇಂಡಿಕ ಆಯಿತು.

ಮುಂದೆ ಅನುವಂಶಿಕ ದ್ರವ್ಯವನ್ನು ಅಕ್ಷರಗಳಂತೆ ಓದುವ ವಿದ್ಯೆ ಬಂದ ಮೇಲೆ ಡೆರ್ಕ್ಸನ ಊಹೆಗಿಂತಲೂ ಭೇದವು ದೊಡ್ಡದೆಂದು ತಿಳಿದುಬಂದಿತು. ಅಜೋಟೊಬ್ಯಾಕ್ಟರ್ ಸೂಡೊಮೊನಾಸ್‌ಗಳ ನೆಂಟ. ಬೈಯೆರಿಂಕಿಯವು ಜೌಗುನೆಲಗಳಲ್ಲಿ ಮೀಥೇನ್ ಅನಿಲವನ್ನು ತಿಂದು ಬಾಳುವ ಮೀಥೈಲೊಸೆಲ್ಲ ಎಂಬುದರ ಹತ್ತಿರದ ಬಳಗ. ಇವೆರಡೂ ಒಂದೇ ವರ್ಗಕ್ಕೆ ಕೂಡ ಸೇರುವುದಿಲ್ಲ. ಒಂದೇ ಕಸುಬು ಮಾಡುವವರೆಲ್ಲ ಒಂದೇ ಮನೆತನದವರೆಂದು ತಿಳಿದಂತೆ ಆಗಿತ್ತು ಮೊದಲ ವಿಂಗಡಣೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ ತಿದ್ದುಪಾಟು ಸಾಧ್ಯವಾದದ್ದು ಪ್ರಭೇದದ ಮಾದರಿ ತಳಿಯು ಜೀವಂತವಾಗಿ ಉಳಿದುದರಿಂದ. ಅಮೆರಿಕದ ಸಂಗ್ರಹದಲ್ಲಿ ೯೦೩೯ ಎಂಬ ಸಂಖ್ಯೆಯ ಕೆಳಗೆ ಅದು ಕಾದಿಡಲ್ಪಟ್ಟಿತ್ತು. ೨೦೧೦ರಲ್ಲಿ ಅದರ ಸಂಪೂರ್ಣ ಅನುವಂಶಿಕ ಪಾಠವು ಪ್ರಕಟವಾಯಿತು. ವರ್ಣನೆಯ ಕಾಗದ ಮಾತ್ರ ಉಳಿದಿದ್ದರೆ ವಾದವು ವಾದವಾಗಿಯೇ ನಿಲ್ಲುತ್ತಿತ್ತು.

ಹೆಸರು ಬದಲಾದ ರೀತಿಯೂ ಸಾಹಿತ್ಯವ್ಯಾಸಂಗದವರಿಗೆ ರುಚಿಸತಕ್ಕದ್ದು. ಕುಲನಾಮವು ಬದಲಾದರೂ ಭಾರತೀಯವೆಂಬ ಅರ್ಥದ ವಿಶೇಷಣವು ಉಳಿದುಕೊಂಡಿತು. ಲಿಂಗ ಮಾತ್ರ ತಿರುಗಿತು. ಲ್ಯಾಟಿನ್ನಿನಲ್ಲಿಯೂ ಸಂಸ್ಕೃತದಲ್ಲಿರುವಂತೆ ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸಬೇಕು. ಬೈಯೆರಿಂಕಿಯ ಸ್ತ್ರೀಲಿಂಗವಾದುದರಿಂದ ಇಂಡಿಕಮ್ ಎಂಬುದು ಇಂಡಿಕ ಆಯಿತು. ಸ್ಟಾರ್ಕಿ ಮತ್ತು ದೇ ಅವರು ಅಜೋಟೊಬ್ಯಾಕ್ಟರ್ ಎಂಬುದನ್ನು ನಪುಂಸಕವಾಗಿ ಭಾವಿಸಿದ್ದರು. ಈಗಿನ ನಿಯಮದಂತೆ ಅದು ಪುಲ್ಲಿಂಗ. ವಿಶೇಷಣಕ್ಕೆ ಲಿಂಗದ ಕಾಟವಿಲ್ಲದ ಕನ್ನಡದವರಿಗೆ ಇದು ವಿನೋದವಾಗಿ ತೋರಬಹುದು. ಪೂರ್ಣವಾಗಿ ಬರೆಯುವಾಗ ಹೆಸರಿನ ಮುಂದೆ ಕಂಸದಲ್ಲಿ ಸ್ಟಾರ್ಕಿ ಮತ್ತು ದೇ ೧೯೩೯ ಎಂದೂ, ಕಂಸದ ಹೊರಗೆ ಡೆರ್ಕ್ಸ್ ೧೯೫೦ ಎಂದೂ ಬರೆಯುವರು. ಮೊದಲು ವರ್ಣಿಸಿದವರ ಋಣವೂ, ಸ್ಥಳಾಂತರಿಸಿದವನ ಹೊಣೆಯೂ ಒಂದೇ ಸಾಲಿನಲ್ಲಿ ದಾಖಲೆಯಾಗುವುವು. ಅರಿಕುಠಾರವೆಂಬ ಊರಿಗೆ ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಚಾಮರಾಜನಗರವೆಂದು ಹೆಸರಿಟ್ಟರು; ಊರು ಅದೇ, ಹೆಸರು ಬೇರೆ, ಹಳೆಯ ಹೆಸರು ಶಾಸನಗಳಲ್ಲಿ ನಿಂತಿದೆ. ಆದರೆ ಅಲ್ಲಿ ರಾಜಾಜ್ಞೆ ಸಾಕಾಯಿತು. ಇಲ್ಲಿ ಪ್ರಮಾಣ ಬೇಕು.

ಆ ಪ್ರಮಾಣವನ್ನು ಇಂದು ಮುಖ್ಯವಾಗಿ ಅನುವಂಶಿಕ ದ್ರವ್ಯದಿಂದ ಪಡೆಯುವರು. ಪ್ರತಿಯೊಂದು ಕೋಶದಲ್ಲಿಯೂ ಸಸಾರಜನಕಗಳನ್ನು ಕಟ್ಟುವ ರೈಬೊಸೋಮ್ ಎಂಬ ಅಂಗವುಂಟು. ಅದರ ೧೬ ಎಸ್ ಎಂಬ ಭಾಗವು ಸುಮಾರು ೧,೫೦೦ ಅಕ್ಷರಗಳಷ್ಟು ಉದ್ದವಾಗಿದ್ದು, ಬಹು ನಿಧಾನವಾಗಿ ಬದಲಾಗುವುದರಿಂದ ವಂಶವನ್ನು ಅಳೆಯಲು ಯೋಗ್ಯವಾದ ಮಾನದಂಡವೆಂದು ಅಮೆರಿಕದ ಕಾರ್ಲ್ ವೋಸ್ ಎಂಬವರು ೧೯೭೭ರ ಸುಮಾರಿಗೆ ತೋರಿಸಿಕೊಟ್ಟರು. ಹೊಸ ತಳಿಯ ಈ ಪಾಠವು ತಿಳಿದ ಎಲ್ಲ ಪ್ರಭೇದಗಳ ಪಾಠಕ್ಕಿಂತ ನೂರಕ್ಕೆ ೧.೩ಕ್ಕಿಂತ ಹೆಚ್ಚಾಗಿ ಭಿನ್ನವಾಗಿದ್ದರೆ, ಅದು ಹೊಸ ಪ್ರಭೇದವಿರಬಹುದೆಂದು ಊಹಿಸಲು ಅವಕಾಶವಾಗುವುದು. ಇದಕ್ಕೂ ಮೊದಲು, ೧೯೮೭ರಲ್ಲಿ, ಎರಡು ತಳಿಗಳ ಡಿ.ಎನ್.ಎ. ಎಳೆಗಳು ಪರಸ್ಪರ ಹೊಂದಿಕೊಳ್ಳುವ ಪ್ರಮಾಣವು ನೂರಕ್ಕೆ ಎಪ್ಪತ್ತಾದರೂ ಇದ್ದರೆ ಅವು ಒಂದೇ ಪ್ರಭೇದವೆಂಬ ಮೇರೆಯನ್ನು ವಿದ್ವತ್ಸಮಿತಿಯೊಂದು ಗೊತ್ತುಮಾಡಿತ್ತು. ಈಗ ಇಡೀ ಪಾಠಗಳನ್ನೇ ಹೋಲಿಸಿ, ಸರಾಸರಿ ಹೋಲಿಕೆಯು ೯೫–೯೬ಕ್ಕಿಂತ ಕಡಿಮೆಯಾದರೆ ಪ್ರಭೇದಗಳು ಬೇರೆಯೆಂದು ತೀರ್ಮಾನಿಸುವರು.

ಈ ಅಂಕಿಗಳಿಗೆ ದೈವತ್ವವನ್ನು ಆರೋಪಿಸುವುದು ಸರಿಯಲ್ಲ. ಅವು ವಿದ್ವಾಂಸರು ವ್ಯವಹಾರಕ್ಕಾಗಿ ಒಪ್ಪಿಕೊಂಡ ಮೇರೆಗಳು. ೧೬ ಎಸ್ ಪಾಠವೊಂದನ್ನೇ ಹಿಡಿದು ಹೊಸ ಪ್ರಭೇದವೆಂದು ಸಾರುವುದು ಇಂದಿನ ಅವಸರದ ದೊಡ್ಡ ದೋಷ. ಆ ಪಾಠವು ಸಂಶಯವನ್ನು ಎಬ್ಬಿಸಲು ಸಾಕು, ತೀರಿಸಲು ಸಾಲದು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವುಂಟು: ಒಂದೇ ತಳಿಯಿಂದ ಇಡೀ ಪ್ರಭೇದವನ್ನು ವರ್ಣಿಸುವುದು. ನಿಯಮವು ಇದನ್ನು ನಿಷೇಧಿಸಿಲ್ಲ, ಪ್ರಕಟವಾಗುವ ವರ್ಣನೆಗಳಲ್ಲಿ ಇಂತಹುವು ಹೇರಳವಾಗಿವೆ. ಆದರೆ ಗುಂಡ್ಲುಪೇಟೆಯ ಒಬ್ಬ ಮುದುಕನ ಮಾತನ್ನು ಕೇಳಿ ಆ ಸೀಮೆಯ ಕನ್ನಡದ ವ್ಯಾಕರಣವನ್ನು ಬರೆದರೆ ಯಾವುದು ನುಡಿಯ ಲಕ್ಷಣ, ಯಾವುದು ಆತನ ಹಲ್ಲು ಬಿದ್ದುದರ ಲಕ್ಷಣ ಎಂದು ಹೇಳುವವರಾರು? ತೆರಕಣಾಂಬಿಯ ಹೊಲದಿಂದ ಒಂದು, ಸಂತೇಮರಹಳ್ಳಿಯ ಕಡೆಯಿಂದ ಒಂದು, ಬೇರೆ ಬೆಳೆ ಬೇರೆ ಋತುಗಳಿಂದ ಇನ್ನು ಕೆಲವು ತಳಿಗಳನ್ನು ಕೂಡಿಸಿ ನೋಡಿದ ಮೇಲೆಯೇ ಸ್ಥಿರವಾದ ಗುಣಗಳಾವುವು, ಚಂಚಲವಾದುವಾವುವು ಎಂಬುದು ಸ್ಪಷ್ಟವಾಗತಕ್ಕದ್ದು.

ಹಳೆಯ ಹೆಸರುಗಳ ಗೊಂದಲವನ್ನು ನೀಗಲು ೧೯೮೦ರ ಜನವರಿ ೧ರಂದು ಅಂಗೀಕೃತ ನಾಮಗಳ ಪಟ್ಟಿಯೊಂದು ಜಾರಿಗೆ ಬಂದಿತು. ಅದರಲ್ಲಿ ಸೇರದ ಹಳೆಯ ಹೆಸರುಗಳಿಗೆ ಮಾನ್ಯತೆ ಹೋಯಿತು. ಅಂದಿನಿಂದ ಹೊಸ ಹೆಸರು ಸಿಂಧುವಾಗಬೇಕಾದರೆ ಅದು ಅಂತರರಾಷ್ಟ್ರೀಯ ಸಮಿತಿಯ ಪತ್ರಿಕೆಯಲ್ಲಿ ಪ್ರಕಟವಾಗಬೇಕು, ಅಥವಾ ಬೇರೆಡೆ ಪ್ರಕಟವಾಗಿ ಅದರ ಪಟ್ಟಿಯಲ್ಲಿ ಸೇರಬೇಕು. ೨೦೦೧ರಿಂದ ಮಾದರಿ ತಳಿಯನ್ನು ಕನಿಷ್ಠಪಕ್ಷ ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಗಳಲ್ಲಿ ಇಡತಕ್ಕದ್ದೆಂಬ ನಿಯಮವೂ ಸೇರಿತು. ನಮ್ಮಲ್ಲಿ ಚಂಡೀಗಢದಲ್ಲಿಯೂ ಪುಣೆಯಲ್ಲಿಯೂ ಇಂತಹ ಸಂಗ್ರಹಗಳಿವೆ. ಇದರ ಜೊತೆಗೆ ೨೦೦೨ರ ಜೀವವೈವಿಧ್ಯ ಕಾಯಿದೆಯ ೩೯ನೆಯ ಪ್ರಕರಣದಂತೆ, ಹೊಸ ಜೀವವರ್ಗವನ್ನು ಕಂಡವರು ಅದನ್ನು ಸರ್ಕಾರವು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಜೈವಿಕ ಸಂಪತ್ತನ್ನು ಹೊರದೇಶಕ್ಕೆ ಕಳುಹಿಸುವುದಕ್ಕೆ ಆ ಕಾಯಿದೆಯ ಕಟ್ಟುಪಾಡುಗಳೂ ಉಂಟು. ಒಂದು ನಿಯಮವು ತಳಿಯು ಎಲ್ಲರ ಕೈಗೂ ನಿರ್ಬಂಧವಿಲ್ಲದೆ ಸಿಗಬೇಕೆನ್ನುವುದು; ಇನ್ನೊಂದು ದೇಶದ ಸಂಪತ್ತು ಲೆಕ್ಕವಿಲ್ಲದೆ ಹೊರಗೆ ಹೋಗಬಾರದೆನ್ನುವುದು. ಎರಡೂ ನ್ಯಾಯವೇ. ಎರಡರ ನಡುವೆ ಸಿಕ್ಕಿ ಸಿಂಧುತ್ವವಿಲ್ಲದೆ ಉಳಿಯುವ ಹೆಸರುಗಳ ಕಷ್ಟ ಮಾತ್ರ ಶೋಧಕನದು.

ಈ ಎರಡು ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು ೧೮೯೮ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿ, ಒಂದೊಂದು ಕಲ್ಲಿಗೂ ತಾಲ್ಲೂಕಿನ ಹೆಸರಿನೊಡನೆ ಒಂದು ಸಂಖ್ಯೆಯನ್ನು ಕೊಟ್ಟರು. ಪರಿಷ್ಕೃತ ಮುದ್ರಣದಲ್ಲಿ ಗುಂಡ್ಲುಪೇಟೆಯವು ೧೯೭೪ರ ಮೂರನೆಯ ಸಂಪುಟದಲ್ಲಿಯೂ ಚಾಮರಾಜನಗರದವು ೧೯೭೫ರ ನಾಲ್ಕನೆಯ ಸಂಪುಟದಲ್ಲಿಯೂ ಬಂದುವು. ಪಾಠವು ತಿದ್ದಲ್ಪಟ್ಟಿತು, ಸಂಖ್ಯೆ ಬದಲಾಯಿತು. ಸಂಶಯವಿದ್ದವನು ಊರಿಗೆ ಹೋಗಿ ಕಲ್ಲನ್ನೇ ನೋಡಬಹುದು. ಸಂಗ್ರಹದಲ್ಲಿರುವ ಮಾದರಿ ತಳಿಯು ಬ್ಯಾಕ್ಟೀರಿಯಶಾಸ್ತ್ರದ ಆ ಕಲ್ಲು.

ಹೆಸರಿಗೆ ಇಷ್ಟೊಂದು ಗದ್ದಲವೇಕೆ ಎಂದು ಕೇಳುವವರಿಗೆ ಹೊಲದಲ್ಲಿಯೇ ಉತ್ತರವುಂಟು. ರೈತನು ಕೊಳ್ಳುವ ಜೈವಿಕ ಗೊಬ್ಬರದ ಪೊಟ್ಟಣದ ಮೇಲೆ ಅಜೋಟೊಬ್ಯಾಕ್ಟರ್, ಅಜೋಸ್ಪಿರಿಲಮ್, ರೈಜೋಬಿಯಮ್ ಎಂದು ಅಚ್ಚಾಗಿರುತ್ತದೆ. ೧೯೮೫ರ ರಸಗೊಬ್ಬರ ನಿಯಂತ್ರಣಾಜ್ಞೆಯ ವ್ಯಾಪ್ತಿಗೆ ೨೦೦೬ರಲ್ಲಿ ಇವುಗಳನ್ನೂ ತಂದು, ಪುಡಿಯ ರೂಪದಲ್ಲಿ ಒಂದು ಗ್ರಾಮಿಗೆ ಕನಿಷ್ಠ ಐದು ಕೋಟಿ ಜೀವಂತ ಕೋಶಗಳಿರಬೇಕೆಂದು ವಿಧಿಸಲಾಯಿತು. ಎಣಿಕೆ ಸರಿಯಾಗಿದ್ದು ಹೆಸರು ತಪ್ಪಾದರೆ ಪ್ರಯೋಜನವೇನು? ಸುಣ್ಣದ ಎರೆಗೆ ಒಗ್ಗುವುದನ್ನು ಹುಳಿಮಣ್ಣಿಗೆ ಹಾಕಿದರೆ ಹಣ ಹೋಯಿತು, ಅಷ್ಟೆ. ಇದಕ್ಕಿಂತ ಘೋರವಾದ ಸಂದರ್ಭವೂ ನಡೆದಿದೆ. ೧೯೫೦ರಲ್ಲಿ ಅಮೆರಿಕದ ಬರ್ಕ್‌ಹೋಲ್ಡರ್ ಎಂಬವರು ಈರುಳ್ಳಿಯ ಕೊಳೆತದಿಂದ ವರ್ಣಿಸಿದ ಬ್ಯಾಕ್ಟೀರಿಯದ ಬಳಗವು, ಈಗ ಬರ್ಕ್‌ಹೋಲ್ಡೇರಿಯ ಸೆಪೇಸಿಯ ಎಂಬ ಹೆಸರಿನದು, ಬೇರುಗಳ ರೋಗವನ್ನು ತಡೆಯುವ ಗುಣದಿಂದ ಬೆಳೆಗೆ ಮಿತ್ರನೆಂದು ಎಣಿಸಲ್ಪಟ್ಟಿತ್ತು. ಅದೇ ಬಳಗದವು ಸಿಸ್ಟಿಕ್ ಫೈಬ್ರೋಸಿಸ್ ಎಂಬ ವ್ಯಾಧಿಯುಳ್ಳವರ ಶ್ವಾಸಕೋಶವನ್ನು ಹೊಕ್ಕು ಪ್ರಾಣಾಪಾಯವನ್ನು ತಂದುವು. ಒಂದು ಹೆಸರಿನ ಕೆಳಗೆ ಅನೇಕ ಪ್ರಭೇದಗಳು ಅಡಗಿದ್ದುವೆಂದು ತಿಳಿದು ಬೇರ್ಪಡಿಸುವ ಕೆಲಸವು ೧೯೯೦ರ ದಶಕದಿಂದ ನಡೆದು ಬಂದಿದೆ.

ಗುಂಡ್ಲುಪೇಟೆಯ ಕಡೆ ಶುಂಠಿ ಬೆಳೆಯುವವನಿಗೆ ಸೊರಗುರೋಗದ ಪರಿಚಯವುಂಟು. ಸೊರಗಿದ ಕಾಂಡವನ್ನು ಕೊಯ್ದು ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟರೆ ಕೊಯ್ದ ತುದಿಯಿಂದ ಹಾಲಿನಂತಹ ಎಳೆ ಇಳಿದು ಬರುವುದು. ಅದು ಬ್ಯಾಕ್ಟೀರಿಯಗಳ ಧಾರೆ. ೧೮೯೬ರಲ್ಲಿ ಎರ್ವಿನ್ ಸ್ಮಿತ್ ಎಂಬವರು ಇದನ್ನು ಬ್ಯಾಸಿಲಸ್ ಕುಲಕ್ಕೆ ಸೇರಿಸಿದರು. ಬಳಿಕ ಅದು ಸೂಡೊಮೊನಾಸ್ ಆಗಿ, ೧೯೯೨ರಲ್ಲಿ ಬರ್ಕ್‌ಹೋಲ್ಡೇರಿಯ ಆಗಿ, ೧೯೯೫ರಲ್ಲಿ ರಾಲ್ಸ್ಟೋನಿಯ ಆಯಿತು. ೨೦೧೪ರಲ್ಲಿ ಆ ಒಂದು ಪ್ರಭೇದವೂ ಮೂರಾಗಿ ಒಡೆಯಿತು. ಲೋಟದ ನೀರಿನಲ್ಲಿ ಇಳಿಯುವ ಎಳೆ ಮಾತ್ರ ಅಂದಿನಂತೆಯೇ ಇದೆ.

ಇನ್ನು ಈ ಸೀಮೆಯ ಹೆಸರನ್ನೇ ಹೊತ್ತ ಪ್ರಭೇದವೊಂದನ್ನು ಸ್ಥಾಪಿಸುವ ಅವಕಾಶ ಯಾರಿಗಾದರೂ ಒದಗಿದರೆ, ಸ್ಥಳನಾಮಕ್ಕೆ ಲ್ಯಾಟಿನ್ನಿನ ಎನ್ಸಿಸ್ ಎಂಬ ಪ್ರತ್ಯಯವನ್ನು ಸೇರಿಸುವುದು ಪದ್ಧತಿ. ಕುಲನಾಮವು ನಪುಂಸಕವಾದರೆ ಎನ್ಸೆ. ಬಹಳ ಉದ್ದವಾದ, ಉಚ್ಚಾರಣೆಗೆ ಕಠಿನವಾದ ಹೆಸರುಗಳನ್ನು ಇಡಬಾರದೆಂದು ನಾಮಕರಣದ ನಿಯಮಾವಳಿಯು ಸಲಹೆ ಕೊಡುತ್ತದೆ. ಗುಂಡ್ಲುಪೇಟೆನ್ಸಿಸ್ ಎಂಬುದನ್ನು ಪರದೇಶದವರು ಹೇಗೋ ನುಡಿದಾರು. ಚಾಮರಾಜನಗರೆನ್ಸಿಸ್ ಅವರ ನಾಲಗೆಗೆ ಭಾರವಾದೀತು. ಅರಿಕುಠಾರವು ಈ ಕೆಲಸಕ್ಕೆ ಹೆಚ್ಚು ಅನುಕೂಲವಾಗಿದ್ದಿತು.